ಗಿರಣಿಗೆ ಹೊಸ ಕಲ್ಲು

ಬೆಳಗಾವಿಯ ಶಹಾಪುರದಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾನು ಮೂರು ವರ್ಷ ಸಾಫ್ಟ್‌ವೇರ್ ಬರೆದೆ. ಹಾಗಂತ ಮನೆಯಲ್ಲಿ ಹೇಳಿಕೊಂಡಿದ್ದೆ. ಖರೇ ಹೇಳಬೇಕೆಂದರೆ ನನ್ನ ಮುಖ್ಯ ಉದ್ಯೋಗ ಬೇರೆಯೇ ಇತ್ತು. ಮಾಲೀಕರು ಎದುರಿಗಿರುವಾಗ ಹ್ಞೂಂ ಅನ್ನುವುದು, ಅವರು ಮೆಟ್ಟಿಲಿಳಿದ ಕೂಡಲೇ ಅವರದೇ ದನಿಯಲ್ಲಿ ಮಾತಾಡಿ ಪಕ್ಕದ ಮೇಜಿನ ಜೋಡಿದಾರನನ್ನು ನಗಿಸುವುದು. ಮಾಲೀಕರ ದನಿ ಮೂಗಿನಿಂದ ಬರುತ್ತಿತ್ತು. ದೊಡ್ಡ ಇಂಗ್ಲಿಷ್ ಶಬ್ದ ಬರುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಮೋಟಾರು ಹಾರ್ನ್ ಹೊಡೆದು ತಿರುವಿಗೆ ಬಂದ ಹಾಗೆ. ಪ್ರತಿ ಮಾತಿನ ಕೊನೆಗೆ ‘ತಿಳೀತಲ್ಲ?’ ಅನ್ನುತ್ತಿದ್ದರು. ಯಾರಿಗೂ ಏನೂ ತಿಳಿದಿರುತ್ತಿರಲಿಲ್ಲ, ಅವರಿಗಂತೂ ಮೊದಲೇ ಇಲ್ಲ.

ಅದಕ್ಕೂ ಹಿಂದೆ ಅವರು ಅದೇ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಎರಡು ಸಾವಿರದ ಇಸವಿ ಹತ್ತಿರ ಬಂದಾಗ ಊರಿನ ಜನಕ್ಕೆ ಕಂಪ್ಯೂಟರೆಲ್ಲ ಕೆಡುತ್ತವೆ ಎಂದು ಹೆದರಿಸಿ, ಟೈಪ್‌ರೈಟರುಗಳನ್ನು ಹೊರಹಾಕಿ, ಮೂರು ಕಂಪ್ಯೂಟರು ತಂದು ಕೂಡಿಸಿದರು. ಆ ಇಸವಿ ಬಂತು, ಏನೂ ಕೆಡಲಿಲ್ಲ. ಕೆಟ್ಟವರು ನಾವಿಬ್ಬರೇ, ನಾನು ಮತ್ತು ಜೋಡಿದಾರ. ಅವನು ಡಿಪ್ಲೊಮಾ ಮುಗಿಸಿದವನು, ದಪ್ಪ ಕನ್ನಡಕದವನು, ಎಲ್ಲ ಗೊತ್ತಿದ್ದೂ ಬಾಯಿ ಬಿಡದವನು. ನಾನು ಬಿ.ಎಸ್ಸಿ. ಒಂದು ವಿಷಯ ಉಳಿಸಿಕೊಂಡವನು, ಏನೂ ಗೊತ್ತಿರದೆ ಬಾಯಿ ಮುಚ್ಚದವನು.

ಮೂರು ಕಂಪ್ಯೂಟರುಗಳಲ್ಲಿ ಒಂದಕ್ಕೆ ನಾವು ಗಿರಣಿ ಅನ್ನುತ್ತಿದ್ದೆವು. ನಾವು ಬರೆದದ್ದನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ತಂತ್ರಾಂಶ ಅದೊಂದರಲ್ಲೇ ಇತ್ತು. ಎರಡು ಕಡೆ ಹಾಕಿದರೆ ಅದರ ಸತ್ವ ಇಳಿಯುತ್ತದೆಂಬುದು ಮಾಲೀಕರ ನಂಬಿಕೆ. ಹಾಗಾಗಿ ನಾವು ನಮ್ಮ ನಮ್ಮ ಮೇಜಿನಲ್ಲಿ ಬರೆದು, ಫ್ಲಾಪಿಗೆ ತುಂಬಿಕೊಂಡು, ಜೋಳದ ಡಬ್ಬಿ ಹಿಡಿದ ಹೆಂಗಸರಂತೆ ಅದರ ಮುಂದೆ ಪಾಳಿ ಹಚ್ಚುತ್ತಿದ್ದೆವು. ಅದು ಗರಗರ ಬೀಸುತ್ತಿತ್ತು. ಬೀಸಿದ್ದನ್ನು ಅದರ ಮೇಲೆಯೇ ಓಡಿಸಿ ನೋಡುತ್ತಿದ್ದೆವು. ಓಡಿತು ಎಂದರೆ ಮುಗಿಯಿತು, ಗಿರಾಕಿಗೆ ಕಳಿಸುವುದು. ಬೀಸಿದ ಗಿರಣಿಯೇ ರೊಟ್ಟಿಯ ರುಚಿ ನೋಡಿ ಭೇಷ್ ಅಂದರೆ ಅದಕ್ಕೇನು ಬೆಲೆ ಎಂಬ ಪ್ರಶ್ನೆ ನಮ್ಮ ತಲೆಗೆ ಬಂದಿರಲಿಲ್ಲ. ತಲೆಗಳು ಬೇರೆ ಕೆಲಸದಲ್ಲಿದ್ದವು.

ನನ್ನ ಎರಡನೆಯ ವರ್ಷ ದಸರೆಯ ಮುಂಚೆ ಮಾಲೀಕರು ಪುಣೆಗೆ ಹೋಗಿ ಹೊಸ ಪ್ರೊಸೆಸರ್ ತಂದರು. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು ಎಂದು ಅವರು ಸೀರೆ ಅಂಗಡಿಯವನಿಗೆ ವಿವರಿಸುತ್ತಿದ್ದುದನ್ನು ಕೇಳಿದೆ. ಆ ಮಿದುಳನ್ನು ಪೇಢೆಯ ಡಬ್ಬಿಯಲ್ಲಿಟ್ಟು ತಂದಿದ್ದರು. ಗಿರಣಿಗೆ ಹಾಕಿದೆವು. ಪರದೆ ಕಪ್ಪಗೇ ಉಳಿಯಿತು. ಒಳಗಿಂದ ಮೂರು ಸಲ ಕೀಂ ಕೀಂ ಕೀಂ ಎಂದಿತು. ಮಾಲೀಕರು ಪುಣೆಯ ಅಂಗಡಿಕಾರನ ವಂಶವನ್ನು ಮರಾಠಿಯಲ್ಲಿ ನೆನೆದರು. ಜೋಡಿದಾರ ಅವರ ಉಸಿರು ಮುಗಿದ ಮೇಲೆ ಸಂಗತಿ ಹೇಳಿದ. ಕಂಪ್ಯೂಟರನ್ನು ಎಬ್ಬಿಸುವ ಬಯೋಸ್ ಎಂಬ ಬರಹ ಬೋರ್ಡಿನ ಚಿಪ್ಪಿನೊಳಗೆ ಇರುತ್ತದೆ. ನಮ್ಮದು ಹಳೆಯದು, ಅದಕ್ಕೆ ಈ ಹೊಸ ಪ್ರೊಸೆಸರಿನ ಪರಿಚಯವೇ ಇಲ್ಲ. ಹಳೆಯದನ್ನೇ ತಿರುಗಿ ಕೂಡಿಸಿ, ಬಯೋಸನ್ನು ಹೊಸದಾಗಿ ಬರೆದು, ಆಮೇಲೆ ಹೊಸದನ್ನು ಹಾಕಬೇಕು. ಬರೆಯುವಾಗ ಕರೆಂಟು ಹೋದರೆ ಬೋರ್ಡು ಸತ್ತಂತೆ.

ಬೆಳಗಾವಿಯಲ್ಲಿ ಕರೆಂಟು ಹೋಗದೆ ಐದು ನಿಮಿಷ ಇರುವುದನ್ನು ಖಾತ್ರಿ ಮಾಡುವುದು ಹೇಗೆ? ಮಾಲೀಕರು ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಆರಿಸಿದರು. ಅವತ್ತು ಸುತ್ತಲಿನ ವಿದ್ಯುತ್ ಮಗ್ಗಗಳಿಗೂ ಪೂಜೆ, ಹಾಗಾಗಿ ಅವು ನಿಂತಿರುತ್ತವೆ, ಕರೆಂಟು ನಮಗೊಬ್ಬರಿಗೇ. ಇದು ಅವರ ಬದುಕಿನಲ್ಲಿ ನಾನು ಕಂಡ ಏಕೈಕ ಬುದ್ಧಿವಂತಿಕೆ, ಅದೂ ಹಾಳಾಗುವುದರಲ್ಲಿತ್ತು. ಬಾಜು ಶೆಡ್ಡಿನವರು ಪೂಜೆ ಬೇಗ ಮುಗಿಸಿ, ಸಾಂಗ್ಲಿಯ ಆರ್ಡರ್ ಇದೆಯೆಂದು ಒಂದೆರಡು ಮಗ್ಗ ಶುರುಮಾಡಿಬಿಟ್ಟಿದ್ದರು. ಮಾಲೀಕರು ತಾವೇ ಓಡಿಹೋಗಿ ಕೈಮುಗಿದು ನಿಲ್ಲಿಸಿದರು. ಏನೋ ದೊಡ್ಡದು ನಡೆಯುತ್ತಿದೆ ಎಂದು ನಾಲ್ಕು ಜನ ನೇಕಾರರು ನಮ್ಮ ಬಾಗಿಲಲ್ಲಿ ಬಂದು ನಿಂತರು. ಗಿರಣಿಗೆ ವಿಭೂತಿ, ಕುಂಕುಮ, ಹೂವಿನ ಸರ. ಪರದೆಯ ಮೇಲೆ ಬಿಳಿ ಪಟ್ಟಿಯೊಂದು ಎಡದಿಂದ ಬಲಕ್ಕೆ ಮೆಲ್ಲಗೆ ಬೆಳೆಯಿತು. ಅಷ್ಟೇ.

“ಇಷ್ಟಕ್ಕ ಮಗ್ಗ ನಿಂದ್ರಿಸಿದ್ರೇನ್ರಿ?” ಎಂದ ಒಬ್ಬ ನೇಕಾರ, ಕೈಲಿದ್ದ ಪ್ರಸಾದ ಬಾಯಿಗೆ ಹಾಕಿಕೊಳ್ಳುತ್ತ.

ಇಷ್ಟಕ್ಕೇ ನಿಲ್ಲಿಸಿದ್ದು. ಹೊಸ ಪ್ರೊಸೆಸರ್ ಎದ್ದಿತು. ಗಿರಣಿ ಮೊದಲಿನ ಅರ್ಧ ಹೊತ್ತಿನಲ್ಲಿ ಬೀಸತೊಡಗಿತು. ಮಾಲೀಕರು ವಾರವಿಡೀ ‘ಫರ್ಮ್‌ವೇರ್’ ಎಂಬ ಶಬ್ದವನ್ನು ಗಂಟಲು ಸರಿಮಾಡಿಕೊಂಡು ಹೇಳುತ್ತ ತಿರುಗಿದರು. ಚಹಾದಂಗಡಿಯವನಿಗೂ ಹೇಳಿದರು.

ಇಲ್ಲಿ ನನ್ನ ಪ್ರತಾಪವನ್ನೂ ಹೇಳಬೇಕು. ಅದಕ್ಕೆ ಒಂದು ವರ್ಷ ಮೊದಲು ಯಾವುದೋ ಪತ್ರಿಕೆ ಓದಿ ನಾನು ಗಿರಣಿಗೆ ಒಂದು ಜಾಣತನ ಕಲಿಸಿದ್ದೆ. ಬೀಸುವ ಮೊದಲು ಅದು ತನ್ನ ಪ್ರೊಸೆಸರನ್ನು, ನಿನಗೇನೇನು ಬರುತ್ತದೆ ಎಂದು ಕೇಳುವುದು. ಅದು ಹೇಳಿದ ಪಟ್ಟಿಯ ಪ್ರಕಾರ ಪ್ರೋಗ್ರಾಮನ್ನು ಬೀಸುವುದು. ಹಳೆಯ ಪ್ರೊಸೆಸರಿಗೆ ಹೆಚ್ಚೇನೂ ಬರುತ್ತಿರಲಿಲ್ಲ, ಹಾಗಾಗಿ ಬೀಸಿದ್ದು ಎಲ್ಲರಿಗೂ ಜೀರ್ಣವಾಗುತ್ತಿತ್ತು. ನಾನು ನನ್ನ ಜಾಣತನವನ್ನು ಮರೆತೂಬಿಟ್ಟಿದ್ದೆ. ಜಾಣತನ ನನ್ನನ್ನು ಮರೆತಿರಲಿಲ್ಲ. ಹೊಸ ಪ್ರೊಸೆಸರ್ ಬಂದಾಗ ಅದು ನಿಷ್ಠೆಯಿಂದ ಕೇಳಿತು, ಹೊಸದು ತನಗೆ ಬರುವ ಹೊಸ ಹೊಸ ಸೂಚನೆಗಳ ಉದ್ದ ಪಟ್ಟಿ ಕೊಟ್ಟಿತು, ಅವನ್ನೆಲ್ಲ ಸೇರಿಸಿ ಬೀಸಿತು. ಅಂಥ ಪ್ರೋಗ್ರಾಂ ಹಳೆಯ ಕಂಪ್ಯೂಟರಿನಲ್ಲಿ ಕಾಲಿಟ್ಟ ಕೂಡಲೇ ಬೀಳುತ್ತದೆ, ಏಕೆಂದರೆ ಅದು ಹೇಳಿದ ಸೂಚನೆ ಆ ಪ್ರೊಸೆಸರಿಗೆ ಗೊತ್ತೇ ಇರುವುದಿಲ್ಲ. ನಾವು ಗಿರಣಿಯ ಮೇಲೆ ಓಡಿಸಿ ನೋಡಿದೆವು. ಓಡಿತು. ಭೇಷ್.

ಆ ಹೊಸ ಕಲ್ಲಿನಲ್ಲಿ ಬೀಸಿದ ಮೊದಲ ಹಿಟ್ಟು ಖಾನಾಪುರದ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋಯಿತು.

ಆ ಸಾಲಿಯಲ್ಲಿ ಹೊಲಿಗೆ ಕಲಿಸುವ ಅಕ್ಕೋರೊಬ್ಬರಿದ್ದರು. ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರ್ ಎರಡು ವರ್ಷ ಗೋಣಿಚೀಲದಲ್ಲಿ ಬಿದ್ದದ್ದನ್ನು ತೆಗೆದು, ತಮ್ಮ ಹೊಲಿಗೆ ಕೋಣೆಯ ಅರ್ಧ ಅದಕ್ಕೆ ಬಿಟ್ಟುಕೊಟ್ಟು, ತಾವೇ ಕಲಿತು, ಹುಡುಗಿಯರಿಗೂ ಕಲಿಸುತ್ತಿದ್ದರು. ನಮ್ಮಿಂದ ಅಂಕಪಟ್ಟಿ ಮುದ್ರಿಸುವ ಪ್ರೋಗ್ರಾಂ ಮಾಡಿಸಿದ್ದರು. ಹೆಸರು ಕನ್ನಡದಲ್ಲೂ ಮರಾಠಿಯಲ್ಲೂ ಬರುತ್ತಿತ್ತು. ಆಡಳಿತ ಮಂಡಳಿಯ ಚೇರ್ಮನ್ನರಿಗೆ ಆ ಕೋಣೆಯ ಮೇಲೆ ಕಣ್ಣಿತ್ತು. ತಮ್ಮ ಕಪಾಟು, ಮೇಜು, ತಮಗೆ ಹಾಕಿದ ಹಾರಗಳ ಫೋಟೊ, ಇವನ್ನೆಲ್ಲ ಇಡಲು ಸಾಲಿಯಲ್ಲಿ ಜಾಗ ಬೇಕೆನ್ನುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗಳು ಶನಿವಾರ ಪಾಲಕರ ಕೈಗೆ ಕಂಪ್ಯೂಟರಿನಿಂದ ಬಂದರೆ ಕೋಣೆ ಅಕ್ಕೋರಿಗೆ, ಬಾರದಿದ್ದರೆ ಕಂಪ್ಯೂಟರ್ ತಿರುಗಿ ಗೋಣಿಚೀಲಕ್ಕೆ, ಕೋಣೆ ತಮಗೆ ಎಂದು ಸಭೆಯಲ್ಲಿ ಹೇಳಿದ್ದರಂತೆ. ಹೊಲಿಗೆ ಯಂತ್ರಗಳು ವರಾಂಡಕ್ಕೆ. ಕಪಾಟು ಮಾಡುವ ಬಡಿಗೇರನನ್ನು ಕರೆತಂದು ಗೋಡೆಯ ಅಳತೆಯನ್ನೂ ತೆಗೆಸಿದ್ದರು.

ಅಕ್ಕೋರು ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಕೆಳಗೆ ತಾಯಿಯ ಹೆಸರೂ ಬರಬೇಕೆಂದು ಕೇಳಿದ್ದರು. ನಾನು ಸೇರಿಸಿ, ಗಿರಣಿಯಲ್ಲಿ ಬೀಸಿಸಿ, ಬುಧವಾರ ಫ್ಲಾಪಿಯನ್ನು ಖಾನಾಪುರದ ಬಸ್ ಕಂಡಕ್ಟರನ ಕೈಲಿ ಕೊಟ್ಟೆ. ಆ ಕಾಲದಲ್ಲಿ ನಮ್ಮ ಸಾಫ್ಟ್‌ವೇರ್ ಹಾಗೆಯೇ ಹೋಗುತ್ತಿತ್ತು, ಯಾರದೋ ಚಪಾತಿ ಡಬ್ಬಿಯ ಜೋಡಿ.

ಗುರುವಾರ ಮುಂಜಾನೆ ಫೋನು ಬಂತು. ಮಾಲೀಕರು ಹೊರಗೆ ಹೋಗಿದ್ದರು. ಆ ಕಡೆ ಅಕ್ಕೋರು. ಪ್ರೋಗ್ರಾಂ ಒತ್ತಿದ ಕೂಡಲೇ ಇಂಗ್ಲಿಷಿನ ಪೆಟ್ಟಿಗೆಯೊಂದು ಬಂದು, ಇದು ಕಾಯಿದೆಗೆ ವಿರುದ್ಧ ಕೆಲಸ ಮಾಡಿದೆ, ಮುಚ್ಚಲಾಗುವುದು ಅನ್ನುತ್ತದಂತೆ. ಪಕ್ಕದಲ್ಲೇ ಇದ್ದ ಚೇರ್ಮನ್ನರು ಅದನ್ನು ಓದಿಸಿಕೊಂಡು, ಹಿಂಡಲಗಾ ಜೈಲಿನ ದಾರಿ ನೆನಪಾದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರಂತೆ.

ಜೋಡಿದಾರ ನನ್ನ ಮುಖ ನೋಡುತ್ತಿದ್ದ. ನನಗೆ ಅಷ್ಟೇ ಸಾಕು, ಒಬ್ಬ ಪ್ರೇಕ್ಷಕ ಇದ್ದರೆ ನಾನು ಹೆಣದ ಮುಂದೆಯೂ ಆಟ ಹೂಡುವವನು. ಮೂಗಿನಿಂದ ದನಿ ತೆಗೆದೆ, ಗಂಟಲು ಸರಿಮಾಡಿಕೊಂಡೆ.

“ಅಕ್ಕೋರ, ನಮ್ಮ ಪ್ರೋಗ್ರಾಂ ಬರೋಬ್ಬರಿ ಐತಿ. ನಿಮ್ಮ ಮಷೀನಿನ ಫರ್ಮ್‌ವೇರ್ ಹಳೇದಾಗೇತಿ. ಅದನ್ನ ಅಪ್‌ಡೇಟ್ ಮಾಡಬೇಕಾಕ್ಕೈತಿ. ಮಷೀನ್ ಇಲ್ಲಿಗೆ ತಗೊಂಡು ಬರ್ರಿ. ತಿಳೀತಲ್ಲ?”

 ಆತ್ರಿ ಸಾಹೇಬರ, ಎಂದು ಅಕ್ಕೋರು ಫೋನು ಇಟ್ಟರು. ಜೋಡಿದಾರ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ನನಗೂ ನನ್ನ ಬಗ್ಗೆ ಹೆಮ್ಮೆ ಆಯಿತು. ಕಂಪ್ಯೂಟರ್ ಹೊತ್ತುಕೊಂಡು ಖಾನಾಪುರದಿಂದ ಯಾರು ಬರುತ್ತಾರೆ? ತಿಂಗಳೊಪ್ಪತ್ತು ಸುಮ್ಮನಿರುತ್ತಾರೆ, ಅಷ್ಟರಲ್ಲಿ ನೋಡಿದರಾಯಿತು. ಶನಿವಾರದ ಸಂಗತಿ ಆಗ ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಆದರೆ ಕೇಳುವುದು ನನ್ನ ಆಟದ ಭಾಗವಾಗಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಅಕ್ಕೋರು ಮೆಟ್ಟಿಲೇರಿ ಬಂದರು. ಎದೆಗವಚಿಕೊಂಡ ಕೌದಿಯ ಗಂಟು, ಅದರೊಳಗೆ ಕಂಪ್ಯೂಟರಿನ ಡಬ್ಬಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಹಳ್ಳ ಬಂದಾಗಲೆಲ್ಲ ಎತ್ತಿ ಹಿಡಿದು ತಂದಿದ್ದರಂತೆ. ಮಾಲೀಕರು ಕುರ್ಚಿಯಿಂದ ಎದ್ದರು.

“ಫೋನಿನ್ಯಾಗ ನೀವಽ ಹೇಳಿದ್ರಲ್ರಿ, ತಗೊಂಡು ಬರ್ರಿ ಅಂತ. ನಾಳಿ ಮುಂಜಾನೆ ಪಾಲಕರು ಬರ್ತಾರ್ರಿ. ಇವತ್ತಽ ಮಾಡಿ ಕೊಡ್ರಿ,” ಎಂದರು ಅಕ್ಕೋರು.

ಮಾಲೀಕರು ನನ್ನ ಕಡೆ ನೋಡಿದರು. ಅವರ ದನಿಯನ್ನು ನಾನು ಬಳಸುತ್ತೇನೆಂಬುದು ಅವರಿಗೆ ಗೊತ್ತಿತ್ತು, ಇಡೀ ಗಲ್ಲಿಗೆ ಗೊತ್ತಿತ್ತು. ಗಿರಾಕಿಯ ಮುಂದೆ ‘ನಾನು ಹೇಳಿಲ್ಲ’ ಎಂದರೆ ಕಚೇರಿ ತಮ್ಮ ಹಿಡಿತದಲ್ಲಿಲ್ಲ ಎಂದಾಗುತ್ತದೆ. ‘ಹೌದು, ನಾನೇ ಹೇಳಿದ್ದು’ ಎಂದರು. ಕೂರಿಸಿ ಚಹಾ ತರಿಸಿದರು. ಹೇಳಿದ್ದಾಗಿದೆಯಲ್ಲ, ಈಗ ಮಾಡಿಯೇ ತೋರಿಸಬೇಕು. ಕಪಾಟಿನಿಂದ, ಖಂಡೇಪೂಜೆಯ ಕುಂಕುಮ ಇನ್ನೂ ಅಂಟಿದ್ದ ಆ ಬಯೋಸಿನ ಫ್ಲಾಪಿಯನ್ನೇ ತೆಗೆದರು. ಗಿರಣಿಗೆ ಆಗಿಬಂದ ಫ್ಲಾಪಿ, ಕೈಗುಣ ಒಳ್ಳೆಯದು.

 ಆ ಫ್ಲಾಪಿ ಗಿರಣಿಯ ಬೋರ್ಡಿನದು. ಇವರ ಬೋರ್ಡು ಬೇರೆ ಕಂಪನಿಯದು, ಬೇರೆ ಕಾಲದ್ದು. ಅದನ್ನು ಇದಕ್ಕೆ ಬರೆದರೆ ಕರೆಂಟು ಹೋಗಬೇಕಾಗಿಯೇ ಇಲ್ಲ, ಡಬ್ಬಿ ಅಲ್ಲೇ ಹೆಣ. ಜೋಡಿದಾರನಿಗೂ ಗೊತ್ತಿತ್ತು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಆ ಕನ್ನಡಕ ಅಷ್ಟು ಹೊಲಸಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಾನೂ ಏನೂ ಹೇಳಲಿಲ್ಲ. ಹೇಳಿದರೆ ಫೋನಿನ ಸಂಗತಿಯೂ ಹೊರಬರುತ್ತದೆ. ಇಬ್ಬರು ತಿಳಿದವರು ಕೂತ ಕೋಣೆಯಲ್ಲಿ ಒಬ್ಬನ ಬಾಯಲ್ಲೂ ತಿಳಿದದ್ದು ಬರಲಿಲ್ಲ. ಮಾಲೀಕರು ಡಬ್ಬಿಗೆ ವೈರು ಸಿಕ್ಕಿಸುತ್ತಿದ್ದರು.

ಅಕ್ಕೋರು ಚಹಾ ಮುಟ್ಟಿರಲಿಲ್ಲ. ಅದೇನು ಹಾಕುತ್ತೀರಿ, ಹಾಕಿದರೆ ಏನಾಗುತ್ತದೆ, ಹಿಂದಕ್ಕೆ ತೆಗೆಯಲು ಬರುತ್ತದೋ ಎಂದು ವಿಚಾರಿಸಿದರು. ಮಾಲೀಕರು ಮೂರಕ್ಕೂ ಗಂಟಲು ಸರಿಮಾಡಿಕೊಂಡರು. ಆಗ ಅಕ್ಕೋರು ಎದ್ದು ಬಂದು ಡಬ್ಬಿಯ ಮೇಲೆ ಕೈಯಿಟ್ಟರು.

“ತಡೀರಿ. ಆಷಾಢದಾಗ ಕೊಟ್ಟ ಫ್ಲಾಪಿ ಇದರಾಗ ಇವತ್ತಿಗೂ ಓಡ್ತೈತಿ. ಮೊನ್ನಿ ಕೊಟ್ಟದ್ದು ಓಡವಲ್ದು. ನನ್ನ ಮಷೀನ್ ಹೆಂಗಿತ್ತೋ ಹಂಗಽ ಐತಿ. ನಿಮ್ಮ ಕಡೆ ಏನು ಬದಲಾತು ಅದನ್ನ ಹೇಳ್ರಿ ಮೊದಲ.”

“ನಮ್ಮ ಕಡೆ ಏನೂ ಬದಲಾಗಿಲ್ರಿ,” ಎಂದರು ಮಾಲೀಕರು. “ಬರೇ ಅಪ್‌ಡೇಟ್ ಆಗೇತಿ.”

ಅಕ್ಕೋರು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ ಕಣ್ಣು ಸ್ವಲ್ಪ ಕಿರಿದು ಮಾಡಿದ್ದರು.

“ಹೊಲಿದ ಝಂಪರ್ ಬಿಗಿ ಆದ್ರ, ಹಾಕ್ಕೊಳ್ಳಾಕಿ ಮೈ ಕೊಯ್ಯೂದಿಲ್ಲ. ಯಾರ ಅಳತಿಗೆ ಹೊಲಿದ್ರಿ ಅಂತ ಕೇಳ್ತೀವಿ. ಇದನ್ನ ಯಾರ ಅಳತಿಗೆ ಹೊಲಿದೀರಪಾ?”

ಆಗ ನೆನಪಾಯಿತು. ಒಂದು ವರ್ಷದ ಹಿಂದಿನ ನನ್ನ ಜಾಣತನ ಮೂಲೆಯಲ್ಲಿ ಹೂವಿನ ಸರ ಒಣಗಿಸಿಕೊಂಡು ಕೂತ ಗಿರಣಿಯೊಳಗಿಂದ ನನ್ನನ್ನೇ ನೋಡುತ್ತಿತ್ತು. ಕೇಳು, ಪಟ್ಟಿ ತಗೋ, ಅದರ ಪ್ರಕಾರ ಬೀಸು.

“ಗಿರಣಿ ಅಳತಿಗೆ ರೀ,” ಎಂದೆ. “ನಮ್ಮ ಈ ಹೊಸ ಮಷೀನಿನ ಅಳತಿಗೆ. ನಾನಽ ಹಂಗ ಬರದಿಟ್ಟಿದ್ದೆ. ನಿಮ್ಮ ಮಷೀನಿಗೇನೂ ಆಗಿಲ್ರಿ. ಆ ಫ್ಲಾಪಿ ಹಾಕಿದ್ರ ಮಾತ್ರ ಆಕ್ಕೈತಿ.”

“ಫೋನಿನ್ಯಾಗ ಮಾತಾಡಿದವರೂ ನೀವಽ ಏನು?”

“ಹೌದ್ರಿ.”

ಮಾಲೀಕರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನೋಡಿದ ಜೋಡಿದಾರ ಆಮೇಲೆ ಹೇಳಿದ, ಆ ಬಣ್ಣದ ಸೀರೆ ಕೆಳಗಿನ ಅಂಗಡಿಯಲ್ಲೂ ಇರಲಿಲ್ಲವಂತೆ. ಅಕ್ಕೋರು ಮಾತ್ರ ಸಿಟ್ಟಿಗೇಳಲಿಲ್ಲ. ಎದ್ದಿದ್ದರೆ ನನಗೆ ಹಗುರಾಗುತ್ತಿತ್ತು, ಸಿಟ್ಟನ್ನು ನಕಲು ಮಾಡುವುದು ಸುಲಭ. ಕೌದಿಯನ್ನು ಎತ್ತಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು.

“ಹೊತ್ಕೊಂಡು ಬರೂದು ನಂದು ಮುಗೀತು. ಹೊತ್ಕೊಂಡು ಹೋಗೂದು ನಿಮ್ಮ ಪಾಳಿ.”

ಸರಿಪಡಿಸುವುದು ಎಷ್ಟು ಸುಲಭವಾಗಿತ್ತೆಂದರೆ ಅದೇ ಅವಮಾನ. ನನ್ನ ಜಾಣತನದ ಮೂರು ಸಾಲು ಅಳಿಸಿದೆ. ಹಳೆಯ ಪ್ರೊಸೆಸರಿಗೂ ತಿಳಿಯುವಂತೆ ಬೀಸು ಎಂದು ಒಂದು ಸಾಲು ಬರೆದೆ. ಗಿರಣಿ ಬೀಸಿತು. ಈ ಸಲ ಗಿರಣಿಯ ಮೇಲೆ ಓಡಿಸಿ ನೋಡಲಿಲ್ಲ, ಅಕ್ಕೋರ ಡಬ್ಬಿಯ ಮೇಲೆಯೇ ಓಡಿಸಿದೆವು. ಪೆಟ್ಟಿಗೆ ಬರಲಿಲ್ಲ, ಹುಡುಗಿಯರ ಹೆಸರುಗಳು ಬಂದವು. ಮಾಲೀಕರು ತಕ್ಷಣ ಚೇತರಿಸಿಕೊಂಡು, ನೋಡಿದ್ರಾ, ಅಪ್‌ಡೇಟ್ ಮಾಡಿದ ಕೂಡಲೇ ಬಂತು ಎಂದರು. ಆ ಮನುಷ್ಯನ ಮುಂದೆ ಸತ್ಯ ಎರಡು ನಿಮಿಷಕ್ಕಿಂತ ಹೆಚ್ಚು ಬದುಕಿದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಕೌದಿಯ ಗಂಟು ನನ್ನ ತೊಡೆಯ ಮೇಲಿತ್ತು. ಹಳ್ಳ ಬಂದಾಗಲೆಲ್ಲ ಅಕ್ಕೋರು ನನ್ನ ಕಡೆ ನೋಡುತ್ತಿದ್ದರು, ನಾನು ಎತ್ತಿ ಹಿಡಿಯುತ್ತಿದ್ದೆ. ಖಾನಾಪುರ ಬರುವ ಹೊತ್ತಿಗೆ ತೋಳು ನನ್ನದೇ ಅನಿಸುತ್ತಿರಲಿಲ್ಲ. ಸಾಲಿಯಲ್ಲಿ ಡಬ್ಬಿ ಜೋಡಿಸಿ, ಪ್ರಿಂಟರ್ ಹಚ್ಚಿ, ಸಂಜೆಯೊಳಗೆ ಅರ್ಧ ಅಂಕಪಟ್ಟಿ ಮುದ್ರಿಸಿದೆವು. ಅಲ್ಲೇ ಊರಲ್ಲಿದ್ದ ನನ್ನ ಸೋದರತ್ತೆಯ ಮನೆಯಲ್ಲಿ ನಾನು ಉಂಡು ಮಲಗಿದೆ, ಬೆಳಗ್ಗೆ ಏಳಕ್ಕೆ ಬಂದು ಉಳಿದರ್ಧ ಮುಗಿಸಿದೆವು.

ಶನಿವಾರ ಚೇರ್ಮನ್ನರು ಬಡಿಗೇರನ ಜೊತೆಗೇ ಬಂದರು. ಅಷ್ಟು ಖಾತ್ರಿ ಇತ್ತು ಅವರಿಗೆ. ಬಡಿಗೇರ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತ. ಒಳಗೆ ಪಾಲಕರು ಅಂಕಪಟ್ಟಿ ಹಿಡಿದು ನಿಂತಿದ್ದರು. ನದಿಯಾಚೆಯ ಊರಿನಿಂದ ಬಂದಿದ್ದ ಒಬ್ಬ ತಾಯಿ ತನ್ನ ಹೆಸರು ಎಲ್ಲಿದೆಯೆಂದು ಮಗಳಿಂದ ಬೆರಳಿಟ್ಟು ತೋರಿಸಿಕೊಳ್ಳುತ್ತಿದ್ದಳು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಚೇರ್ಮನ್ನರು ಒಂದು ಪಟ್ಟಿ ಎತ್ತಿಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ತಪ್ಪು ಸಿಗಲಿಲ್ಲ. ಅಕ್ಷರ ಸಣ್ಣವಾದವು ಎಂದರು. ಇದೇನು ಒಮ್ಮೆ ಬಂತು, ಇನ್ನೊಮ್ಮೆ ಬರುತ್ತದೆಂಬ ಖಾತ್ರಿಯೇನು ಎಂದರು. ಅಕ್ಕೋರು ಗುಂಡಿ ಒತ್ತಿದರು. ಪ್ರಿಂಟರ್ ಕರಕರ ಎನ್ನುತ್ತ ಅದೇ ಪಟ್ಟಿಯನ್ನು ಇನ್ನೊಮ್ಮೆ ಹೊರಗೆ ಬಿಟ್ಟಿತು. ಪಾಲಕರೆಲ್ಲ ನೋಡುತ್ತಿದ್ದರು. ಸಭೆಯಲ್ಲಿ ಆಡಿದ ಮಾತನ್ನು ಅಷ್ಟು ಜನರ ಮುಂದೆ ನುಂಗುವುದು ಅವರಿಗೂ ಸಾಧ್ಯವಾಗಲಿಲ್ಲ.

“ಇರ್ಲಿ ಬಿಡ್ರಿ, ಕೋಣಿ ಅಕ್ಕೋರ ಕಡೆಗಽ ಇರ್ಲಿ,” ಎಂದರು, ಅದು ತಮ್ಮದೇ ಉದಾರತನ ಎಂಬ ಹಾಗೆ. ಬಡಿಗೇರ ಪೆನ್ಸಿಲ್ ತೆಗೆದು ಜೇಬಿಗಿಟ್ಟುಕೊಂಡ. ಕಪಾಟು ಆಮೇಲೆ ಹೆಡ್‌ಮಾಸ್ತರರ ಕೋಣೆಗೆ ಹೋಯಿತಂತೆ, ಹೆಡ್‌ಮಾಸ್ತರರ ಕುರ್ಚಿ ಬಾಗಿಲ ಹಿಂದೆ.

ಎಲ್ಲರೂ ಹೋದ ಮೇಲೆ ಅಕ್ಕೋರು ನನ್ನ ಕೈಲಿ ಮಾಲೀಕರಿಗೊಂದು ಚೀಟಿ ಕೊಟ್ಟರು. ಇನ್ನು ಮುಂದೆ ಕಂಡಕ್ಟರನ ಕೈಲಿ ಫ್ಲಾಪಿ ಕಳಿಸಬೇಡಿ, ಮಾಡಿದವರೇ ತಂದು ನನ್ನ ಮಷೀನಿನ ಮೇಲೆ ಓಡಿಸಿ ತೋರಿಸಿ ಹೋಗಲಿ ಎಂದು ಬರೆದಿತ್ತು. ಮಾಲೀಕರು ಓದಿ, ನನ್ನನ್ನು ಕೆಲಸದಿಂದ ತೆಗೆಯುವುದಕ್ಕಿಂತ ಇದು ದೊಡ್ಡ ಶಿಕ್ಷೆ ಎಂದು ಬಗೆದು ಒಪ್ಪಿದರು. ನಮ್ಮಲ್ಲಿ ಅಕ್ಕೋರ ಡಬ್ಬಿಯಷ್ಟು ಹಳೆಯ ಕಂಪ್ಯೂಟರ್ ಇರಲಿಲ್ಲವಾಗಿ, ಬರಬರುತ್ತ ಬೇರೆ ಗಿರಾಕಿಗಳ ಪ್ರೋಗ್ರಾಮುಗಳನ್ನೂ ನಾನು ಖಾನಾಪುರಕ್ಕೇ ಒಯ್ದು ನೋಡತೊಡಗಿದೆ. ಮಾಲೀಕರು ಹೊಸ ಗಿರಾಕಿಗಳಿಗೆ, ನಮ್ಮ ಟೆಸ್ಟಿಂಗ್ ಸೆಂಟರ್ ಖಾನಾಪುರದಾಗ ಐತಿ ಎಂದು ಹೇಳುತ್ತಿದ್ದರು.

ಆ ಸೆಂಟರಿನಲ್ಲಿ ನನಗೆ ಒಂದು ಸ್ಟೂಲು ಇತ್ತು, ಗುಂಡಿ ಹಾಕುವ ಕಾಜು ಹೊಲಿಯಲು ಕಲಿಯುವ ಹುಡುಗಿಯರ ಸಾಲಿನ ಕೊನೆಗೆ. ಅಕ್ಕೋರು ಕೈಲಿದ್ದ ಬಟ್ಟೆ ಮುಗಿಯುವ ತನಕ ಏಳುತ್ತಿರಲಿಲ್ಲ. ಎದ್ದು ಬಂದು, ಫ್ಲಾಪಿ ಹಾಕಿ, ಎಲ್ಲ ಗುಂಡಿಗಳನ್ನೂ ಒಂದೊಂದಾಗಿ ಒತ್ತಿ, ಹೆದರಿಸಲೆಂದೇ ನಡುನಡುವೆ ಸುಮ್ಮನೆ ಪರದೆ ನೋಡುತ್ತ ನಿಲ್ಲುತ್ತಿದ್ದರು. ನಾನು ಕೈಕಟ್ಟಿ ಕೂತಿರುತ್ತಿದ್ದೆ. ಅವರು ‘ಆತು, ಒಯ್ಯಿರಿ’ ಅನ್ನುವ ತನಕ ಏಳುವ ಹಾಗಿರಲಿಲ್ಲ.